ಊಟ ಕೇಳುವ ಪಂಪ್‌ಸೆಟ್

ನಮ್ಮ ಕಾಕಾ ತಂತ್ರಜ್ಞಾನ ಉದ್ಯಮಿ. ಹಾಗಂತ ಅವನ ಕಾರ್ಡಿನಲ್ಲಿ ಅಚ್ಚಾಗಿದೆ. ಕಾರ್ಡಿನ ಹಿಂಬದಿಯಲ್ಲಿ ಅರ್ಧ ಗಣಪತಿಯೂ ಇದ್ದಾನೆ. ಯಾರದೋ ಲಗ್ನಪತ್ರಿಕೆಯ ಕಾಗದ ಉಳಿದಿತ್ತು, ಹಾಳಾಗಬಾರದೆಂದು ಗುಡಗೇರಿಯ ಪ್ರೆಸ್ಸಿನವನು ಅದರ ಮೇಲೆಯೇ ಹೊಡೆದುಕೊಟ್ಟ. ಊರ ಮಂದಿಗೆ ಕಾಕಾನ ಬಗ್ಗೆ ಎರಡು ಅಭಿಪ್ರಾಯಗಳಿವೆ. ಅವನಿಗೆ ತಲೆ ಇದೆ ಎಂಬುದು ಒಂದು. ಇದೆ, ಆದರೆ ಜಾಗದಲ್ಲಿಲ್ಲ ಎಂಬುದು ಇನ್ನೊಂದು. ನಾನು ಅವನ ಅಣ್ಣನ ಮಗಳು. ನನಗೆ ಎರಡೂ ಸರಿ ಅನ್ನಿಸುತ್ತವೆ.

ಅವನ ಮೊದಲ ಕಂಪನಿ ಎಂದರೆ ರೈಲ್ವೆ ಸ್ಟೇಶನ್ನಿನ ಎದುರಿಗಿದ್ದ ಎಸ್‌ಟಿಡಿ ಬೂತು. ಅದು ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಮೊಬೈಲು ಬರುತ್ತದಂತೆ ಎಂಬ ಸುದ್ದಿ ಬಂತು. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ಕಾಕಾ ಇನ್ನೂ ಮೂರು ಬೂತು ಮಾಡಿಸಿದ.

"ಎರಿ ಮಣ್ಣಾಗ ಟವರ್ ನಿಂದ್ರೂದಿಲ್ಲ. ಮಳಿಗಾಲದಾಗ ಎತ್ತಿನ ಕಾಲ ಹುಗೀತಾವು, ಕಬ್ಬಣದ ಕಂಬ ನಿಂದ್ರತೈತೇನು?" ಎಂಬುದು ಅವನ ಮಾರುಕಟ್ಟೆ ಅಧ್ಯಯನ.

ಟವರು ನಿಂತಿತು. ಅದೂ ನಮ್ಮ ಹೊಲದ ಬಾಜೂಕ್ಕೇ ನಿಂತಿತು. ಹೊಸ ಬೂತುಗಳಲ್ಲಿ ಒಂದರಲ್ಲಿ ಸಗಣಿಯ ಕುಳ್ಳು ಒಟ್ಟಿದರು. ಎರಡನೆಯದನ್ನು ಬಚ್ಚಲು ಮಾಡೋಣವೆಂದರೆ ಬಾಗಿಲು ಗಾಜಿನದೆಂದು ಅವನ ಹೆಂಡತಿ, ನಮ್ಮ ಕಾಕು, ಒಪ್ಪಲಿಲ್ಲ. ಮೂರನೆಯದು ವೆಲ್ಡಿಂಗ್ ಅಂಗಡಿಯ ಇಮಾಮಸಾಬನ ಪಾಲಾಗಿ ಅವನ ಕೋಳಿಗಳಿಗೆ ಮನೆಯಾಯಿತು. ಸುತ್ತ ನಾಲ್ಕು ಹಳ್ಳಿಗಳಲ್ಲಿ ಕೂತಲ್ಲೇ ಹೊರಗಿನ ನೋಟ ಕಾಣುವ ಕೋಳಿಗಳೆಂದರೆ ಅವೇ.

ಆಮೇಲೆ ಸಂತೆಯ ಆ್ಯಪ್ ಬಂತು. ಗುಡಗೇರಿ ಸಂತೆಯಲ್ಲಿ ಯಾವುದಕ್ಕೆ ಎಷ್ಟು ದರ ಎಂದು ಮನೆಯಲ್ಲೇ ಕೂತು ನೋಡಬಹುದು. ಮಂದಿ ನೋಡಿದರು. ನೋಡಿ ಸಂತೆಗೆ ಬಂದರು. ಬಂದು ದರ ಕೇಳಿದರು. ಮೊಬೈಲಿನಲ್ಲಿದ್ದರೂ ಯಾಕೆ ಕೇಳುತ್ತೀರಿ ಎಂದು ಕಾಕಾ ಒಬ್ಬ ಹಿರಿಯರನ್ನು ತಡೆದು ನಿಲ್ಲಿಸಿದ.

"ದರ ಗೊತ್ತೈತೋ ತಮ್ಮಾ," ಅಂದರು ಅವರು. "ಆದ್ರ ಕೇಳದs ಹೋದ್ರ ಬದನಿಕಾಯಿ ಮಾರಾಕಿ ಬ್ಯಾಸರಾ ಮಾಡ್ಕೊಳ್ಳೂದಿಲ್ಲೇನು?"

ಕಾಕಾ ಇದನ್ನು ಗ್ರಾಹಕರ ಅಭಿಪ್ರಾಯ ಎಂದು ನೋಟಬುಕ್ಕಿನಲ್ಲಿ ಬರೆದುಕೊಂಡ. ಅವರು ಹೇಳಿದ್ದು ಸರಿ ಎಂದು ಅವನಿಗೇ ಅನ್ನಿಸಿತು. ಮುಂದಿನ ಸಂತೆಗೆ ಆ್ಯಪ್ ಬಂದ್ ಆಯಿತು. ಕಾಕಾನ ದೊಡ್ಡ ಐಬೇ ಇದು. ಗಿರಾಕಿ ಹೇಳಿದ್ದನ್ನು ಅವನು ಕೇಳಿಬಿಡುತ್ತಾನೆ.

ಮೂರನೆಯದೇ ಡಬ್ಬಿ. ಹೊಲದ ಮೋಟಾರಿಗೆ ಒಂದು ಕಬ್ಬಿಣದ ಡಬ್ಬಿ ಕೂಡಿಸುವುದು. ಅದರೊಳಗೆ ಸಿಮ್ ಇರುತ್ತದೆ. ಮನೆಯಿಂದ ಫೋನು ಮಾಡಿದರೆ ಮೋಟಾರು ಚಾಲೂ ಆಗುತ್ತದೆ, ಇನ್ನೊಮ್ಮೆ ಮಾಡಿದರೆ ಬಂದಾಗುತ್ತದೆ. ನಮ್ಮ ಕಡೆ ತ್ರೀ ಫೇಸ್ ಕರೆಂಟು ಅಳಿಯನ ಹಾಗೆ, ಯಾವಾಗ ಬರುತ್ತದೆಂದು ಹೇಳುವುದಿಲ್ಲ, ಬಂದಾಗ ಎದ್ದು ಉಪಚಾರ ಮಾಡಬೇಕು. ಹೀಗಾಗಿ ಡಬ್ಬಿ ನಿಜಕ್ಕೂ ಕೆಲಸದ ವಸ್ತು. ಡಬ್ಬಿಯ ಮೈ ಮಾಡಿದವನು ಇಮಾಮಸಾಬ. ಒಳಗಿನದನ್ನೆಲ್ಲ ಕಾಕಾ ತನ್ನ ಪಡಸಾಲೆಯಲ್ಲಿ ಕೂತು ಮಾಡಿದ. ಆ ಪಡಸಾಲೆಯಲ್ಲಿ ವೈರುಗಳ ನಡುವೆ ಮನುಷ್ಯರು ಕೂಡುವುದು ನಿಂತು ವರ್ಷಗಳೇ ಆಗಿದ್ದವು. ಬೀಗರು ಬಂದರೂ ಅಡುಗೆಮನೆಗೇ ಬರಬೇಕು.

ಮೊದಲ ಡಬ್ಬಿ ಬಂದದ್ದು ತಂಬೂರಿನ ನನ್ನ ಗಂಡನ ಹೊಲಕ್ಕೆ. ಸೊಸೆಯ ಕಾಕಾ ಎಂಬ ಮುಲಾಜಿಗೆ ನಮ್ಮ ಮಾವ ಬೇಡವೆನ್ನಲಿಲ್ಲ. ಮೋಟಾರು ಚಾಲೂ ಆಯಿತೋ ಇಲ್ಲವೋ ಎಂದು ಡಬ್ಬಿ ಬಾಯಿಬಿಟ್ಟು ಹೇಳಬೇಕಲ್ಲ? ಅದಕ್ಕೆ ಕಾಕಾ ತನ್ನದೇ ದನಿ ತುಂಬಿದ್ದ. ಅದು ಮೊದಲು ಕೆಮ್ಮುತ್ತಿತ್ತು, ಆಮೇಲೆ "ರೈತ ಬಾಂಧವರೇ" ಎಂದು ಶುರು ಮಾಡುತ್ತಿತ್ತು. ವಿಷಯಕ್ಕೆ ಬರುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು.

ಕಡೆಗೆ ಕಾಕುವಿನ ದನಿ ಹಾಕಿದರು. ಕಾಕುವಿನ ದನಿ ಎಂದರೆ ಏನೆಂದು ಹೇಳಲಿ? ಸೋಮವಾರದ ಭಜನೆಯಲ್ಲಿ ಅವಳು ಪದ ಎತ್ತಿಕೊಟ್ಟರೆ ಮಠಕ್ಕೆ ಮೈಕು ಬೇಕಿರಲಿಲ್ಲ. ಅವಳು ಎಮ್ಮೆ ಕರೆದರೆ ಬೇರೆಯವರ ಎಮ್ಮೆಗಳೂ ಬರುತ್ತಿದ್ದವು. "ಮೋಟಾರ ಚಾಲೂ ಆತ್ರಿ," "ಮೋಟಾರ ಬಂದ ಆತ್ರಿ," "ಕರೆಂಟ್ ಇಲ್ರಿ." ಹೀಗೆ ಮೂರೇ ಮಾತು. ಡಬ್ಬಿಗಳು ಹೋದವು, ಒಂದೇ ತಿಂಗಳಲ್ಲಿ ದೂರುಗಳೂ ಬಂದವು. ಮೋಟಾರಿನ ದೂರಲ್ಲ, ಮರ್ಯಾದೆಯ ದೂರು.

"ಅಲ್ರಿ, ಹಿರ್ಯಾರು ಫೋನ್ ಮಾಡಿದ್ರ ಮಾತ ಮುಗಿಯೂದ್ರಾಗ ಇಟ್ಟs ಬಿಡ್ತಾರ," ಅಂದರು ಒಬ್ಬರು. "ಒಂದ ಊಟ ಆತ್ರಿ ಅಂತ ಕೇಳೂ ಪದ್ಧತಿ ಇಲ್ಲೇನ್ರಿ ನಿಮ್ಮ ಮನ್ಯಾಗ?"

ಅದು ಡಬ್ಬಿ ಕಣ್ರೀ ಎಂದು ನೀವಾಗಿದ್ದರೆ ಹೇಳುತ್ತಿದ್ದಿರಿ. ಕಾಕಾ ತಪ್ಪಾಯಿತೆಂದ. ಎಲ್ಲ ಡಬ್ಬಿಗಳಲ್ಲೂ ಹೊಸ ಮಾತು ಸೇರಿಸಿದ. ಈಗ ಡಬ್ಬಿ ಮೋಟಾರಿನ ವರದಿ ಕೊಟ್ಟ ಮೇಲೆ "ಊಟ ಆತ್ರಿ?" ಎಂದು ಕೇಳುತ್ತದೆ. ಉತ್ತರಕ್ಕೆಂದು ನಾಲ್ಕು ಸೆಕೆಂಡು ಸುಮ್ಮನಿರುತ್ತದೆ. "ಹೌದ್ರಿ, ಇಡ್ತೇನ್ರಿ," ಎಂದು ಹೇಳಿಯೇ ಫೋನು ಇಡುತ್ತದೆ. ಮಂದಿ ಉತ್ತರ ಕೊಡತೊಡಗಿದರು. ನಮ್ಮ ಮಾವನಂತೂ ರೊಟ್ಟಿಗೆ ಪಲ್ಯ ಏನಿತ್ತು ಎನ್ನುವುದನ್ನೂ ಆ ನಾಲ್ಕು ಸೆಕೆಂಡಿನಲ್ಲೇ ಹೇಳಿ ಮುಗಿಸುತ್ತಿದ್ದರು. ನಾನು ಮಾತ್ರ ಉತ್ತರ ಕೊಟ್ಟವಳಲ್ಲ. ನಾನು ಕನ್ನಡ ಶಾಲೆಯ ಮಾಸ್ತರಿಣಿ, ಕಬ್ಬಿಣದ ಡಬ್ಬಿಯ ಜೊತೆ ಮಾತಾಡಿದರೆ ಹೇಗೆ?

ಮಿಶ್ರಿಕೋಟಿಯ ಗಂಗವ್ವನ ಪ್ರಕರಣ ನಡೆದದ್ದು ಆಗಲೇ. ಅವಳ ಗಂಡ ದಿನಾ ಮುಂಜಾನೆ ಫೋನು ಹಿಡಿದು ಹಿತ್ತಲಿಗೆ ಹೋಗುತ್ತಿದ್ದ. ಅತ್ತಲಿಂದ ಹೆಣ್ಣುದನಿ ಊಟ ಕೇಳುತ್ತಿತ್ತು. ಇವನು "ಆತ್ರಿ, ನಿಮ್ದು?" ಅನ್ನುತ್ತಿದ್ದ. ಮನೆಯ ಹೆಂಡತಿಯನ್ನು ಒಂದು ದಿನವೂ ಊಟ ಆಯಿತೇ ಎಂದು ಕೇಳದ ಗಂಡಸು! ಯಾರವಳು ಎಂದು ಗಂಗವ್ವ ಜೋರು ಮಾಡಿದ್ದಕ್ಕೆ ಅವನು ಗಾಬರಿಯಲ್ಲಿ, "ಗುಡಗೇರಿ ಡಬ್ಬಿ ಕಾಕಾನ ಹೇಣ್ತಿ," ಎಂದಷ್ಟೇ ಹೇಳಿ ಎತ್ತಿಗೆ ಮೇವು ಹಾಕಲು ಹೋದ. ಗಂಗವ್ವ ಕೊಡೆ ತೆಗೆದುಕೊಂಡು ಬಸ್ಸು ಹತ್ತಿದಳು. ಆಕಾಶದಲ್ಲಿ ಮೋಡವಿರಲಿಲ್ಲ.

ಕಾಕಾನ ಮನೆಯ ಬಾಗಿಲಲ್ಲಿ ಅವಳು ಕೊಡೆ ಎತ್ತಿ ನಿಂತಾಗ ಒಳಗಿಂದ ಕಾಕು ಬಂದು, "ಬರ್ರಿ, ಒಳಗ ಬರ್ರಿ. ಊಟ ಆತ್ರಿ?" ಅಂದಳು.

ಅದೇ ದನಿ, ಅದೇ ಪ್ರಶ್ನೆ. ಗಂಗವ್ವ ಸಿಟ್ಟಿನಲ್ಲಿ ಬೆಳಗಿನಿಂದ ಏನೂ ತಿಂದಿರಲಿಲ್ಲ, ಆಗಿಲ್ಲ ಅಂದಳು. ಹೀಗಾಗಿ ಜಗಳವನ್ನು ಊಟದ ನಂತರ ಇಟ್ಟುಕೊಂಡರು. ಊಟದ ನಂತರ ಕಾಕು ಡಬ್ಬಿ ತಂದು ತೋರಿಸಿದಳು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಂಗವ್ವ ಸಂಜೆಯ ಬಸ್ಸಿಗೆ ಗುರೆಳ್ಳು ಚಟ್ನಿ ಕಟ್ಟಿಸಿಕೊಂಡು ಹೋದಳು. ಕೊಡೆ ಅಲ್ಲಿಯೇ ಉಳಿಯಿತು.

ಡಬ್ಬಿಗಳು ಕುಂದಗೋಳದಿಂದ ಕಲಘಟಗಿಯ ತನಕ ನೂರೈವತ್ತು ಹೊಲಗಳಲ್ಲಿ ಕೂತವು. ಕಾಕಾನ ಬಾಳಿನಲ್ಲಿ ಮೊದಲ ಸಲ ಒಂದು ಕೆಲಸ ಕೈಹಿಡಿದಿತ್ತು. ಅದೇ ವರ್ಷ ಕಾಕುವಿನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು.

ಆಪರೇಶನ್ ಚೆನ್ನಾಗಿಯೇ ಆಯಿತು. ಗಂಟು ಹೋಯಿತು. ದನಿಯೂ ಹೋಯಿತು. ಪೂರ್ತಿ ಅಲ್ಲ, ಮಾತು ಬರುತ್ತಿತ್ತು. ಆದರೆ ಒಣಗಿದ ಜೋಳದ ಕಣಿಕೆ ಮುರಿದ ಹಾಗೆ ಬರುತ್ತಿತ್ತು. ಇದು ಹೀಗೇ ಇರುತ್ತದೆ ಎಂದರು ಡಾಕ್ಟರು. ಕಾಕು ತನ್ನ ಹೊಸ ದನಿಯನ್ನು ಎರಡು ದಿನ ಕೇಳಿದಳು, ಮೂರನೆಯ ದಿನದಿಂದ ಮಾತು ಬಿಟ್ಟಳು. ಬೇಕಾದದ್ದನ್ನು ಕೈಸನ್ನೆಯಲ್ಲಿ ಕೇಳುತ್ತಿದ್ದಳು. ಭಜನೆಗೆ ಹೋಗಲಿಲ್ಲ. ಗಂಗವ್ವ ಫೋನು ಮಾಡಿದರೆ ಎತ್ತಲಿಲ್ಲ. ಬಂದವರು ಬಾಗಿಲಲ್ಲಿ ಕೂಗಿದರೆ ಒಳಗೇ ಕೂತಿರುತ್ತಿದ್ದಳು. ಎಮ್ಮೆಯನ್ನೂ ಕರೆಯಲಿಲ್ಲ, ಹೋಗಿ ಹಗ್ಗ ಹಿಡಿದು ಎಳೆದು ತರುತ್ತಿದ್ದಳು. ನಾನು ರಜೆಯಲ್ಲಿ ಹೋಗಿ ನಾಲ್ಕು ದಿನ ಇದ್ದೆ. ನನಗೆ ಬಹಳ ಸಂಕಟವಾಯಿತು.

ಅದರಲ್ಲೊಂದು ದಿನ ಅಂಗಳದಲ್ಲಿ ಇಮಾಮಸಾಬ ಹೊಸ ಡಬ್ಬಿ ಪರೀಕ್ಷೆ ಮಾಡುತ್ತಿದ್ದ. ಫೋನು ಹಚ್ಚಿದ. ಆ ಹಳೆಯ ತುಂಬುದನಿ ಅಂಗಳವೆಲ್ಲ ತುಂಬಿ, "ಊಟ ಆತ್ರಿ?" ಎಂದು ಕೇಳಿತು. ಅಕ್ಕಿ ಆರಿಸುತ್ತಿದ್ದ ಕಾಕು ಮೊರ ಅಲ್ಲೇ ಬಿಟ್ಟು ಎದ್ದು ಒಳಗೆ ಹೋಗಿ ಕದ ಹಾಕಿಕೊಂಡಳು. ಇಮಾಮಸಾಬ ತಲೆ ತಗ್ಗಿಸಿದ. ಕಾಕಾ ಆಗಲೇ ಬಿಗಿಯಾಗಿದ್ದ ಒಂದು ಸ್ಕ್ರೂವನ್ನು ಮತ್ತೆ ಬಹಳ ಹೊತ್ತು ಬಿಗಿ ಮಾಡಿದ.

ಬೆಂಗಳೂರಿನ ಕಂಪನಿಯವರು ಬಂದದ್ದು ಅದೇ ವಾರ. ಇಬ್ಬರು ಹುಡುಗರು, ಅಡುಗೆಮನೆಯಲ್ಲಿ ಕೂತು ಚಹಾ ಕುಡಿದರು. ಡಬ್ಬಿಯನ್ನು ಪೂರಾ ಕೊಳ್ಳುತ್ತೇವೆ, ರಾಜ್ಯದ ತುಂಬ ಹಾಕುತ್ತೇವೆ ಅಂದರು.

"ಸರ್, ಡಬ್ಬ ಯಾರು ಬೇಕಾದರೂ ಮಾಡಬಹುದು," ಅಂದ ಅವರಲ್ಲಿ ಕನ್ನಡಕದವನು. "ನಮಗೆ ಬೇಕಿರೋದು ಈ ವಾಯ್ಸು. ರೈತರು ಇದರ ಜೊತೆ ಮಾತಾಡ್ತಾರೆ ಸರ್. ಇದೊಂದನ್ನ ಮಾತ್ರ ಬದಲಾಯಿಸಬಾರದು."

ಒಂದು ತಿಂಗಳು ಬಿಟ್ಟು ಬರ್ರಿ, ಸಹಿ ಮಾಡೂಣು ಅಂದ ಕಾಕಾ.

ಆ ತಿಂಗಳು ಪೂರ್ತಿ ಅವನು ಮನೆಯಲ್ಲಿರಲಿಲ್ಲವಂತೆ. ದಿನಾ ಮುಂಜಾನೆ ಬುತ್ತಿ ಕಟ್ಟಿಕೊಂಡು ಗಾಡಿಯ ಮೇಲೆ ಹೋಗುತ್ತಿದ್ದನಂತೆ. ಕೇಳಿದವರಿಗೆ ಅಪ್‌ಡೇಟ್ ಅನ್ನುತ್ತಿದ್ದನಂತೆ. ಬೇರೆ ಕಂಪನಿಗಳ ಅಪ್‌ಡೇಟ್ ಹೇಗೆ ಬರುತ್ತದೋ ಗೊತ್ತಿಲ್ಲ. ನಮ್ಮ ಕಾಕಾನ ಅಪ್‌ಡೇಟ್ ಸ್ಕ್ರೂಡ್ರೈವರ್ ಹಿಡಿದು, ಕೆಸರಿನಲ್ಲಿ ಚಪ್ಪಲಿ ಕೈಗೆತ್ತಿಕೊಂಡು, ಹೊಲದಿಂದ ಹೊಲಕ್ಕೆ ಬರುತ್ತದೆ. ಡಬ್ಬಿ ಬಿಚ್ಚಿ ಹಳೆಯ ಮೆಮರಿ ಕಾರ್ಡು ತೆಗೆದು ಹೊಸದು ಹಾಕಬೇಕು. ನೂರೈವತ್ತು ಡಬ್ಬಿ. ತಂಬೂರಿಗೆ ಎಲ್ಲಕ್ಕಿಂತ ಕಡೆಗೆ ಬರುವವನಿದ್ದ, ಹಾಗಾಗಿ ನಮಗೆ ಏನೂ ಗೊತ್ತಿರಲಿಲ್ಲ.

ಸಹಿಯ ದಿನ ಇಂಗ್ಲಿಷ್ ಕಾಗದ ಓದಿ ಹೇಳಲು ನನ್ನನ್ನು ಕರೆಸಿದ್ದ. ಓದಿದೆ. ಕಾಗದ ಚೆನ್ನಾಗಿತ್ತು. ಕಾಕಾನಿಗೆ ಸಾಯುವ ತನಕ ಚಿಂತೆ ಇರಲಿಲ್ಲ, ಕಾಕುವಿಗೆ ಪಡಸಾಲೆ ಸಿಗುತ್ತಿತ್ತು. ಕನ್ನಡಕದವನು, "ಕೊನೇ ಸಲ ಒಂದು ಟೆಸ್ಟ್ ಮಾಡೋಣ ಸರ್," ಎಂದು ಊರ ಹೊರಗಿನ ಒಂದು ಡಬ್ಬಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಇಟ್ಟ.

"ಮೋಟಾರ ಚಾಲೂ ಆತ್ರಿ," ಎಂದಿತು ಫೋನು. ಕಣಿಕೆ ಮುರಿದಂಥ ದನಿ. "ಊಟ ಆತ್ರಿ?"

ಆ ನಾಲ್ಕು ಸೆಕೆಂಡಿನಲ್ಲಿ ಕನ್ನಡಕದವನು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸರ್, ಫೈಲ್ ಕೆಟ್ಟುಹೋಗಿದೆ ಅನ್ಸುತ್ತೆ."

"ಫೈಲ್ ಸರಿ ಐತ್ರಿ," ಅಂದ ಕಾಕಾ. "ಮನಷ್ಯಾಗ ಆಪರೇಶನ್ ಆಗೇತಿ."

"ಹಳೇದು ಇರುತ್ತಲ್ಲ ಸರ್, ಅದನ್ನೇ ಹಾಕಿ."

"ಒಂದ ಊರ ಬಿಟ್ರ ಎಲ್ಲಾ ಕಡೆ ಹೊಸಾದs ಹಾಕೇನ್ರಿ. ಇನ್ನ ಅದs ಇರತೈತಿ."

ಅವರು ಒಳ್ಳೆಯ ಹುಡುಗರು, ಚಹಾ ಮುಗಿಸಿಯೇ ಹೋದರು. ಕಾಗದವನ್ನೂ ತೆಗೆದುಕೊಂಡು ಹೋದರು. ನನಗೆ ಸಿಟ್ಟು ತಡೆಯಲಾಗಲಿಲ್ಲ.

"ಎಂಥಾ ಕೆಲಸಾ ಮಾಡಿದಿ ಕಾಕಾ? ಅಷ್ಟ ಚಂದ ದನಿ ಇತ್ತು. ಅದನ್ನ ಹಂಗs ಬಿಟ್ಟಿದ್ರ ನಿಂದೇನ ಗಂಟ ಹೋಗ್ತಿತ್ತು?"

ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಹಳೇ ದನಿ ಬಿಟ್ರ ಮಂದಿ ಅದರ ಕೂಡ ಮಾತಾಡ್ತಾರ ಬೇ," ಅಂದ. "ಇಕಿ ಕೂಡ ಯಾರ ಮಾತಾಡವ್ರು?"

ಕಾಕು ಒಪ್ಪಿದ್ದಾದರೂ ಹೇಗೆ ಎಂದು ಕೇಳಿದೆ. ಹಳೆಯ ಕಾರ್ಡುಗಳಿಗೆ ತೇವ ಹತ್ತಿದೆ, ರೈತರು ಕಾಯುತ್ತಿದ್ದಾರೆ, ಐದೇ ಮಾತು ಹೇಳು ಎಂದನಂತೆ. ಮೂರು ದಿನ ಅವಳು ತಲೆ ಅಲ್ಲಾಡಿಸಿದಳಂತೆ. ನಾಲ್ಕನೆಯ ದಿನ ಕಾಕಾ ತಾನೇ ಮೈಕು ಹಿಡಿದು, ಕೆಮ್ಮಿ, "ರೈತ ಬಾಂಧವರೇ" ಎಂದು ಶುರು ಮಾಡಿದನಂತೆ. ಕಾಕು ಬಂದು ಕೈಯಿಂದ ಮೈಕು ಕಸಿದುಕೊಂಡಳಂತೆ. ತಿಂಗಳುಗಟ್ಟಲೆ ಮೌನದ ನಂತರ ಅವಳು ಆಡಿದ ಮೊದಲ ಮಾತು, "ಸಾಕ ಬಿಡ್ರಿ, ಬೆಳಿ ಒಣಗ್ತಾವು."

ಹೊರಗೆ ಯಾರೋ ಕೂಗಿದರು. ಗಂಗವ್ವ ಬಂದಿದ್ದಳು, ಕೈಯಲ್ಲಿ ಜ್ಯೇಷ್ಠಮಧು ಮತ್ತು ಬೆಲ್ಲದ ಗಂಟು. ಡಬ್ಬಿಯ ಹೊಸ ದನಿ ಕೇಳಿದ ಮೇಲೆ ಹೀಗೆ ಯಾರಾದರೊಬ್ಬರು ದಿನಾ ಬರುತ್ತಿದ್ದರಂತೆ, ಇಲ್ಲವೇ ಫೋನು ಮಾಡುತ್ತಿದ್ದರಂತೆ. ಅಕ್ಕಾರಿಗೆ ಏನಾಗೇತ್ರಿ, ಆರಾಮ ಅದಾರೇನ್ರಿ ಎಂದು ಕೇಳುತ್ತಿದ್ದರಂತೆ. ಆರಾಮಿದ್ದೇನೆಂದು ಎಷ್ಟು ಮಂದಿಗೆ ಕೈಸನ್ನೆಯಲ್ಲಿ ಹೇಳಲಾದೀತು? ಅದೂ ಫೋನಿನಲ್ಲಿ? ಅಡುಗೆಮನೆಯಿಂದ ಕಾಕು ಕೂಗಿದಳು, "ಗಂಗವ್ವಾ, ಒಳಗ ಬಾರs. ರೊಟ್ಟಿ ಬಿಸಿ ಅದಾವು." ದನಿ ಅಂಗಳ ದಾಟಲಿಲ್ಲ. ಗಂಗವ್ವನಿಗೆ ಮುಟ್ಟಿತು.

ಎಂಟು ದಿನದ ಮೇಲೆ ಕಾಕಾ ತಂಬೂರಿಗೆ ಬಂದು ನಮ್ಮ ಡಬ್ಬಿಯನ್ನೂ ಅಪ್‌ಡೇಟ್ ಮಾಡಿ ಹೋದ. ಮರುದಿನ ಮುಂಜಾನೆ ನನ್ನ ಗಂಡ ಗೋವಿನಜೋಳಕ್ಕೆ ನೀರು ಬಿಟ್ಟು, ಮೋಟಾರು ಬಂದ್ ಮಾಡಿ ಪೇಟೆಗೆ ಹೋದ. ನಾನು ಶಾಲೆಗೆ ಹೊರಟವಳು ಹೊಸ್ತಿಲಲ್ಲಿ ನಿಂತು ಫೋನು ಹಚ್ಚಿದೆ.

"ಮೋಟಾರ ಚಾಲೂ ಆತ್ರಿ. ಊಟ ಆತ್ರಿ?"

"ಆತು ಕಾಕು," ಅಂದೆ. "ನಿಂದಾತು?"

ನಾಲ್ಕು ಸೆಕೆಂಡು ಕಾದೆ.

"ಹೌದ್ರಿ, ಇಡ್ತೇನ್ರಿ," ಅಂದಳು. ಇಡು ಅಂದೆ. ಮೋಟಾರು ಬಂದ್ ಮಾಡಲು ಇನ್ನೊಮ್ಮೆ ಫೋನು ಹಚ್ಚಬೇಕೆಂಬುದು ಶಾಲೆಯಲ್ಲಿ ಮೂರನೆಯ ಪಿರಿಯಡ್ಡಿನ ತನಕ ನೆನಪಾಗಲಿಲ್ಲ. ಆ ದಿನ ನಮ್ಮ ಗೋವಿನಜೋಳಕ್ಕೆ ಎರಡು ಸಲ ನೀರಾಯಿತು.