ಕಾಣೆಯಾದ ಎಡಗಡೆ ಸ್ಪ್ಯಾನರ್

ನಮ್ಮ ಗ್ಯಾರೇಜಿನಿಂದ ನನ್ನ ಕಣ್ಣು ತಪ್ಪಿಸಿ ಒಂದು ವಾಷರ್ ಕೂಡ ಹೊರಗೆ ಹೋಗಲಾರದು! ಹೀಗೆಂದು ನಾನು ಸಾರಿದ ದಿನ ಮಗಳು ಕಾರಿನ ಅಡಿಯಿಂದ ತಲೆ ಹೊರಗೆ ಹಾಕಿ, "ಅಮ್ಮಾ, ಇದು ಗ್ಯಾರೇಜು. ಖಜಾನೆ ಅಲ್ಲ" ಎಂದಳು.

"ಕಳ್ಳನಿಗೆ ಎರಡೂ ಒಂದೇ" ಎಂದೆ.

ಮಗಳು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಲಸ ಮುಗಿಸಿ ಬಂದು ಮನೆಯಲ್ಲಿ ತನ್ನದೇ ಕಾರು ಕಟ್ಟುತ್ತಿದ್ದಳು. ಕೊಂಡದ್ದಲ್ಲ, ಕಟ್ಟಿದ್ದು! ಕಬ್ಬಿಣದ ಕೊಳವೆ ಕತ್ತರಿಸಿ, ಬೆಸೆದು, ತಗಡು ಬಡಿದು, ಮೂರು ವರ್ಷ. ಅವರಪ್ಪ ಹೋದಮೇಲೆ ಖಾಲಿ ಬಿದ್ದಿದ್ದ ಗ್ಯಾರೇಜಿಗೆ ಮತ್ತೆ ಗ್ರೀಸಿನ ವಾಸನೆ ಬಂದಿತ್ತು. ನನಗೂ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು.

ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯಬೇಕಾದರೆ ತಪಾಸಣೆಯ ಅಧಿಕಾರಿ ಬಂದು ನೋಡಿ ಒಪ್ಪಬೇಕು. ಎಂಟು ತಿಂಗಳು ಕಾದಮೇಲೆ ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಎಂದು ಗೊತ್ತಾಗಿತ್ತು. ತಪ್ಪಿದರೆ ಮತ್ತೆ ಸರದಿ ಸಿಗುವುದು ಮುಂದಿನ ವರ್ಷವೇ. ಎಂಜಿನ್ ಮಾತ್ರ ಇನ್ನೂ ಕಾರಿನೊಳಗೆ ಕೂತಿರಲಿಲ್ಲ. ತೊಲೆಗೆ ಕಟ್ಟಿದ ಚೈನ್ ಪುಲ್ಲಿಯಲ್ಲಿ ನೇತಾಡುತ್ತಿತ್ತು. ಪುಲ್ಲಿ ಪಕ್ಕದ ಮನೆಯ ಕ್ರೇನಣ್ಣನದು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ರೇನು ನಡೆಸಿದವರು. ಭಾರದ ವಸ್ತುವನ್ನು ಹೂವಿನಂತೆ ಇಳಿಸುವ ವಿದ್ಯೆ ನಮ್ಮ ಬೀದಿಯಲ್ಲಿ ಅವರೊಬ್ಬರಿಗೇ ಗೊತ್ತು.

ನಾನು ನಲವತ್ತು ವರ್ಷ ಅಂಗಿ ಹೊಲಿದವಳು. ಆದರೆ ಸಾಮಾನು ಯಾವುದು ಒಳ್ಳೆಯದು ಎಂದು ಕೈಗೆ ಗೊತ್ತಾಗುತ್ತದೆ. ನನಗೆ ಎಲ್ಲಕ್ಕಿಂತ ಪ್ರೀತಿ ನಟ್ಟು ತಿರುಗಿಸುವ ರ್‍ಯಾಚೆಟ್. ಟಿಕಿಟಿಕಿ ಎಂದು ನನ್ನ ಹೊಲಿಗೆ ಯಂತ್ರದಂತೆಯೇ ಮಾತಾಡುತ್ತದೆ. ಆಮೇಲೆ ತುದಿಯಲ್ಲಿ ಅಯಸ್ಕಾಂತವಿರುವ ಉದ್ದ ಕಡ್ಡಿ. ಸಂದಿಗೆ ಬಿದ್ದ ನಟ್ಟನ್ನು ಸೂಜಿ ಹೆಕ್ಕಿದಂತೆ ಹೆಕ್ಕಿ ತರುತ್ತದೆ. ಟಾರ್ಕ್ ರೆಂಚ್ ಎಂಬುದೊಂದಿದೆ, ಬಿಗಿ ಸಾಕಾದ ಕೂಡಲೇ 'ಟಕ್' ಎನ್ನುತ್ತದೆ. ಸಾಕಾದಾಗ ಸಾಕು ಎನ್ನುವ ಜೀವ ಈ ಮನೆಯಲ್ಲಿ ಅದೊಂದೇ! ಇನ್ನು ಹಾವಿನಂತೆ ಬಳುಕಿದ ಸ್ಪ್ಯಾನರ್. ಒಂದು ತಲೆ ಮೇಲೆ ಬಲಕ್ಕೆ, ಇನ್ನೊಂದು ತಲೆ ಕೆಳಗೆ ಎಡಕ್ಕೆ. ನೇರ ಸ್ಪ್ಯಾನರ್ ಹೋಗದ ಮೂಲೆಗೆ ನುಸುಳಿ ಬೋಲ್ಟಿನ ಕತ್ತು ಹಿಡಿಯುತ್ತದೆ.

ಇವೆಲ್ಲ ಒಂದು ಡಬ್ಬದಲ್ಲಿ ಗುಡ್ಡೆ ಬಿದ್ದಿರುತ್ತಿದ್ದವು. ನನಗೆ ತಡೆಯಲಾಗಲಿಲ್ಲ. ಪ್ಲೈವುಡ್ ಹಲಗೆಯನ್ನು ನೆಲಕ್ಕೆ ಹಾಸಿ, ಒಂದೊಂದೇ ಸಾಮಾನು ಅದರ ಮೇಲಿಟ್ಟು, ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ಸುತ್ತ ಗೆರೆ ಎಳೆದೆ. ಸ್ಪ್ಯಾನರಿನ ಮೇಲಿನ ಅಂಕಿ ಇರುವೆಸಾಲಿನಂತೆ ಕಂಡರೆ ಕಾಣಲಿ, ಆಕಾರ ಸುಳ್ಳು ಹೇಳುವುದಿಲ್ಲ! ಎರಡು ಸಂಜೆ ಹಿಡಿಯಿತು. ಗುರುವಾರ ಮಗಳು ಹಲಗೆಯನ್ನು ಗೋಡೆಗೆ ಬಡಿದು, ಗೆರೆಗೊಂದು ಮೊಳೆ ಹೊಡೆದುಕೊಟ್ಟಳು. ಸಾಮಾನು ತಗುಲಿಸಿದೆ. ಎಣಿಸಿದೆ.

ಗೆರೆ ನಲವತ್ತಮೂರು. ಸಾಮಾನು ನಲವತ್ತೆರಡು!

ಮೂರು ಸಲ ಎಣಿಸಿದೆ. ಖಾಲಿ ಇದ್ದದ್ದು ಎಡಗಡೆಯ ಹಾವು. ಬಲಗಡೆಯ ಹಾವು ತನ್ನ ಜಾಗದಲ್ಲಿ ನೆಟ್ಟಗಿತ್ತು. ಅದರ ಜೋಡಿ, ಮೇಲಿನ ತಲೆ ಎಡಕ್ಕೆ ತಿರುಗಿದ್ದು, ಮಂಗಮಾಯ.

"ಎಡಗಡೆದು ಅಂತ ಒಂದಿತ್ತಾ?" ಎಂದಳು ಮಗಳು.

"ಇಲ್ಲದ್ದಕ್ಕೆ ನಾನು ಗೆರೆ ಎಳೆದ್ನಾ? ಅಂಗಿಗೆ ಬಲಗೈ ತೋಳು ಇದ್ದಮೇಲೆ ಎಡಗೈ ತೋಳು ಇರಲ್ವಾ?"

ಅವಳು ಕೈ ಒರೆಸಿಕೊಂಡು ಮತ್ತೆ ಕಾರಿನ ಅಡಿಗೆ ನುಸುಳಿದಳು. ನಾನು ಬಿಡಲಿಲ್ಲ. ಆ ಎರಡು ದಿನ ಗ್ಯಾರೇಜಿಗೆ ಬಂದವರು ಯಾರು? ಕ್ರೇನಣ್ಣ ಒಬ್ಬರೇ! ಕೂಡಲೇ ನನಗೆ ಎಲ್ಲವೂ ಹೊಳೆಯತೊಡಗಿತು. ಆ ಮನುಷ್ಯನ ಪ್ಯಾಂಟಿಗೆ ಆರು ಜೇಬು. ಪ್ರಾಮಾಣಿಕನಿಗೆ ಆರು ಜೇಬು ಏಕೆ? ಬಂದವರು ಎಂಜಿನ್ ನೋಡುವುದಕ್ಕಿಂತ ಹೆಚ್ಚು ಹೊತ್ತು ನನ್ನ ಹಲಗೆ ನೋಡುತ್ತಾ ನಿಲ್ಲುತ್ತಾರೆ. ಏನೋ ಹೇಳಲು ಬಾಯಿ ತೆರೆದು, ಕೆಮ್ಮಿ, ಮುಚ್ಚಿಕೊಳ್ಳುತ್ತಾರೆ. ಪರೀಕ್ಷೆಗೆಂದು ಬಾಗಿಲ ಬಳಿ ಒಂದು ಹೊಸ ಬೋಲ್ಟ್ ಬೀಳಿಸಿಟ್ಟೆ. "ಅಕ್ಕಾ, ಇದು ಬಿದ್ದಿತ್ತು ನೋಡಿ" ಎಂದು ಕೈಗೆ ತಂದುಕೊಟ್ಟರು. ಸಣ್ಣದನ್ನು ಹಿಂದಿರುಗಿಸಿ ದೊಡ್ಡದನ್ನು ಹೊಡೆಯುವ ಆಸಾಮಿ! ಎಷ್ಟು ನುರಿತವರು!

ಶುಕ್ರವಾರ ಸಂಜೆ ಅವರು ಚೈನಿಗೆ ಕೈ ಹಾಕುವ ಮೊದಲೇ ನಾನು ಅಡ್ಡ ನಿಂತೆ.

"ಅಣ್ಣಾ, ಜೇಬು ಸ್ವಲ್ಪ ತೋರಿಸ್ತೀರಾ?"

"ಯಾವ ಜೇಬು ಅಕ್ಕಾ?"

"ಆರೂನೂ."

"ಅಮ್ಮಾ!" ಎಂದು ಮಗಳು ಕಿರುಚಿದಳು.

ಅವರು ಒಂದೊಂದಾಗಿ ಹೊರಗೆಳೆದರು. ಕರವಸ್ತ್ರ, ಕನ್ನಡಕ, ಕೆಮ್ಮಿನ ಮಾತ್ರೆ ಎರಡು, ದಾರದ ತುಂಡು, ಮನೆಯ ಬೀಗದ ಕೈ, ಕೊನೆಯದರಲ್ಲಿ ಏನೂ ಇಲ್ಲ. ನಾನು ಹಲಗೆಯ ಖಾಲಿ ಗೆರೆಯ ಮೇಲೆ ಕಾಗದವಿಟ್ಟು ತೆಗೆದಿದ್ದ ನಕಲನ್ನು ಅವರ ಮುಂದೆ ಹಿಡಿದೆ. "ಕಳುವಾದ ಮಾಲು ಇದು. ಮನೆಗೆ ಹೋಗಿ ಹುಡುಕಿ ನೋಡಿ."

ಅವರ ಮುಖ ಕೆಂಪಾಯಿತು. ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

"ಚೈನ್ ಪುಲ್ಲಿ ಇಲ್ಲೇ ಇರಲಿ ಅಕ್ಕಾ. ಅದರ ಸುತ್ತಾನೂ ಒಂದು ಗೆರೆ ಎಳ್ಕೊಳ್ಳಿ" ಎಂದು ಹೊರಟೇಹೋದರು.

ಶನಿವಾರ ನಾವಿಬ್ಬರೇ ಎಂಜಿನ್ ಇಳಿಸಲು ಹೊರಟೆವು. "ನಾನು ಚೈನ್ ಎಳೀತೀನಿ, ನೀನು ಎಂಜಿನ್ ನಿಧಾನಕ್ಕೆ ತಿರುಗಿಸು" ಎಂದಳು ಮಗಳು. ನಿಧಾನಕ್ಕೇ ತಿರುಗಿಸಿದೆ. ಆದರೆ ಎಂಜಿನ್ನಿಗೆ ನನ್ನ ನಿಧಾನ ಅರ್ಥವಾಗಲಿಲ್ಲ. ಅರ್ಧ ಸುತ್ತು ಹೊಡೆದು, ಹಳೆಯ ಪರಿಚಯದವರಂತೆ ನನ್ನ ಕಡೆಗೇ ತೂಗಿಕೊಂಡು ಬಂತು! "ಅಮ್ಮಾ, ಹಿಂದೆ ಸರಿ!" ನಾನು ಸರಿದ ರಭಸಕ್ಕೆ ಆಯಿಲ್ ಡಬ್ಬಿ ಉರುಳಿತು, ಆಯಿಲಿನ ಮೇಲೆ ನಾನು ಕೂತೆ. ಎಂಜಿನ್ನಿನ ಒಂದು ಮೂಲೆ ಕಾರಿನ ಚೌಕಟ್ಟಿಗೆ ಸಿಕ್ಕಿ ಓರೆಯಾಗಿ ನಿಂತುಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಮಗಳು ಟೈರಿನ ಮೇಲೆ ಕುಸಿದು, ಕಪ್ಪು ಕೈಯನ್ನೇ ಹಣೆಗೆ ಇಟ್ಟುಕೊಂಡಳು.

"ಮೂರು ವರ್ಷ ಅಮ್ಮಾ. ಸ್ಪ್ಯಾನರ್ ಹೋದ್ರೆ ಇನ್ನೊಂದು ತರ್ತೀನಿ. ಕ್ರೇನ್ ಮಾಮನ್ನ ಯಾವ ಅಂಗಡಿಯಿಂದ ತರಲಿ?"

ಅವಳು ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಬೈಯಲಿಲ್ಲ. ಭಾನುವಾರ ಬೆಳಿಗ್ಗೆ ನಾನೇ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಸೋತು ಹೋದೆ ಎಂದುಕೊಳ್ಳಬೇಡಿ, ಸಂಧಾನಕ್ಕೆ ಹೋದದ್ದು!

ಕ್ರೇನಣ್ಣ ಬಿಸಿನೀರಿನ ಬಕೆಟ್ಟಿನಲ್ಲಿ ಎರಡೂ ಪಾದ ಅದ್ದಿಕೊಂಡು ಕೂತಿದ್ದರು.

"ಅಣ್ಣಾ, ಕೊಟ್ಟುಬಿಡಿ. ನಾನು ಒಬ್ಬರ ಹತ್ರಾನೂ ಬಾಯಿ ಬಿಡಲ್ಲ. ಬಂದು ಎಂಜಿನ್ ಇಳಿಸಿಕೊಡಿ."

"ಕೊಡೋಣ ಅಂತಾನೇ ನಿನ್ನೆ ಇಡೀ ದಿನ ಸುತ್ತಿದೆ ಅಕ್ಕಾ. ಏಳು ಅಂಗಡಿ. ಕೊಂಡಾದ್ರೂ ತಂದು ನಿಮ್ಮ ಗೋಡೆ ತುಂಬಿಸೋಣ ಅಂತ. ಈ ಕಾಗದ ತೋರಿಸಿದ್ರೆ ಎಲ್ಲರೂ ನಗ್ತಾರೆ. ಎಡಗಡೆದು ಅಂತ ಬರೋದೇ ಇಲ್ವಂತೆ."

"ಬರೋದೇ ಇಲ್ವಾ? ನಾನು ಕಣ್ಣಾರೆ ನೋಡಿದೀನಿ!"

"ಏಳನೇ ಅಂಗಡಿಯವನು ಏನು ಮಾಡಿದ ಗೊತ್ತಾ?" ಎಂದು ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದುಮುಂದು ಮಗುಚಿದರು. ಎಡಗಡೆಯ ಹಾವು ನನ್ನ ಕಣ್ಣೆದುರೇ ಬಲಗಡೆಯ ಹಾವಾಯಿತು.

ನಾನು ಕಾಗದ ಕಸಿದುಕೊಂಡು ಮತ್ತೊಮ್ಮೆ ಮಗುಚಿ ನೋಡಿದೆ. ಮೊದಲ ಸಂಜೆ ಬಲಗಡೆಯ ಹಾವಿನ ಸುತ್ತ ಗೆರೆ ಎಳೆದು ಡಬ್ಬಕ್ಕೆ ಹಾಕಿದ್ದೆ. ನಡುವೆ ಮಗಳು ಬಳಸಿ, ಇನ್ನೂ ಗೆರೆ ಎಳೆಯದ ಸಾಮಾನಿನ ಗುಡ್ಡೆಯಲ್ಲಿ ಬಿಟ್ಟಿದ್ದಳು. ಎರಡನೇ ಸಂಜೆ ಅದನ್ನೇ ಮಗುಚಿ ಇಟ್ಟು, ಇನ್ನೊಂದು ಗೆರೆ ಎಳೆದಿದ್ದೆ! ನಲವತ್ತು ವರ್ಷ ಒಂದೇ ಕಾಗದವನ್ನು ಮಗುಚಿ ಅಂಗಿಯ ಎರಡೂ ತೋಳು ಕತ್ತರಿಸಿದವಳು ನಾನು. ಜೋಡಿ ಕಂಡರೆ ಜೋಡಿ ಎಂದೇ ನಂಬುವ ಕಣ್ಣು ಇದು.

"ಅಣ್ಣಾ..." ಎಂದೆ.

"ನೀರು ಹೇಗೂ ಆರಿಹೋಯ್ತು, ಹೋಗೋಣ ನಡೀರಿ" ಎಂದು ಪಾದ ಒರೆಸಿಕೊಂಡು ಎದ್ದರು.

ಮಧ್ಯಾಹ್ನ ಮೂರಕ್ಕೆ ಎಂಜಿನ್ ಒಂದು ಸದ್ದೂ ಇಲ್ಲದೆ ಒಳಗೆ ಕೂತಿತು. ಸೋಮವಾರ ಅಧಿಕಾರಿ ಬಂದು, ಒಂದೂವರೆ ಗಂಟೆ ಕಾರನ್ನು ಮೇಲೆ ಕೆಳಗೆ ನೋಡಿ, ಬೀದಿಯ ಕೊನೆಯವರೆಗೆ ಓಡಿಸಿ ತಂದು, ಮೊಹರು ಒತ್ತಿದರು. ಮಗಳು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ.

ಅಧಿಕಾರಿ ಹೋದಮೇಲೆ ನಾನು ಕ್ರೇನಣ್ಣನ ಮುಂದೆ ನಿಂತೆ. "ಅಣ್ಣಾ, ತಪ್ಪಾಯ್ತು. ಒಳ್ಳೇ ಮನುಷ್ಯರಿಗೆ ಕಳ್ಳ ಅಂದೆ. ಮನಸಲ್ಲಿ ಏನಿದ್ರೂ ಹೇಳಿಬಿಡಿ."

ಅವರು ಕೆಮ್ಮಿದರು. "ಬೇಜಾರು ಮಾಡ್ಕೋಬೇಡಿ ಅಕ್ಕಾ."

"ಇಲ್ಲ, ಹೇಳಿ."

"ಮೂರನೇ ಸಾಲಲ್ಲಿ ಆ ದೊಡ್ಡ ಪೈಪ್ ರೆಂಚ್ ಇದೆಯಲ್ಲ..."

"ಇದೆ. ಒಳ್ಳೇ ಸಾಮಾನು. ಏನಾಗ್ಬೇಕು?"

"ಅದು ನಂದು ಅಕ್ಕಾ. ಪುಲ್ಲಿ ಕಟ್ಟೋಕೆ ತಂದಿದ್ದೆ. ದಿನಾ ಕೇಳೋಣ ಅಂತಾನೇ ಬರ್ತಿದ್ದೆ. ಆದ್ರೆ ನೀವು ಅದರ ಸುತ್ತ ಅಷ್ಟು ಚೆಂದ ಗೆರೆ ಎಳೆದುಬಿಟ್ಟಿದ್ರಲ್ಲ, ಹೇಗೆ ಕೇಳೋದು?"