ಕಿಟಕಿ ಕುಸಿದ ಇಟಲಿ ಕಾರು

ಮನುಷ್ಯರ ಮೇಲೆ ಸಿಟ್ಟು ಬಂದರೆ ಜಗಳವಾಡಬಹುದು, ಮಾತು ಬಿಡಬಹುದು. ಕಾರಿನ ಮೇಲೆ ಬಂದರೆ ಏನು ಮಾಡುವುದು? ನಾನಂತೂ ಬೈಯುತ್ತೇನೆ, ಅದೂ ಅಪ್ಪಟ ಧಾರವಾಡದ ಕನ್ನಡದಲ್ಲಿ. ಇಟಲಿಯಲ್ಲಿ ಹುಟ್ಟಿದ ಅದಕ್ಕೆ ಒಂದಕ್ಷರವೂ ತಿಳಿಯುವುದಿಲ್ಲವಲ್ಲ ಎಂದು ಸಿಟ್ಟು ಇನ್ನೂ ಏರುತ್ತದೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿಗೆ ಬಂದ ಹೊಸದರಲ್ಲಿ, ಬೇಸಿಗೆಯ ಒಂದು ಸಂಜೆ, ಅದರ ಕೆಂಪು ಬಣ್ಣಕ್ಕೆ ಮರುಳಾಗಿ ಕೊಂಡಿದ್ದೆ. ಚಳಿಗಾಲದಲ್ಲಿ ಅದರ ನಡತೆ ಹೇಗೆಂದು ಮಾರಿದವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗೆ ಇಬ್ಬನಿ ಹೆಪ್ಪುಗಟ್ಟಿದ ದಿನ ಎಂಜಿನ್ ಏಳುವುದಿಲ್ಲ. ಎದ್ದರೆ ಹೀಟರ್ ಮಲಗುತ್ತದೆ. ಹೀಟರ್ ಎದ್ದರೆ ವೈಪರ್ ಮುಷ್ಕರ ಹೂಡುತ್ತದೆ.

ಜುಲೈ ಅಂದರೆ ಇಲ್ಲಿ ನಡುಚಳಿಗಾಲ; ಆ ಜುಲೈಯಲ್ಲೇ ನನ್ನ ಹೆಂಡತಿ ವಿಜಯಾಗೆ ಊರಂಚಿನ ಹಾರ್ನ್‌ಬಿಯ ಗೋದಾಮೊಂದರಲ್ಲಿ ಕೆಲಸ ಸಿಕ್ಕಿತು. ಮೊದಲ ಬಸ್ಸಿಗಿಂತ ಮುಂಚೆ ಅಲ್ಲಿರಬೇಕಾದ್ದರಿಂದ ಲೈಸೆನ್ಸ್ ಇದ್ದರೆ ಮಾತ್ರ ಬನ್ನಿ ಎಂದಿದ್ದರು. ಅವಳ ಡ್ರೈವಿಂಗ್ ಟೆಸ್ಟಿಗಾಗಿ ನಾನು ಭಾನುವಾರವಿಡೀ ಗ್ಯಾರೇಜಿನಲ್ಲಿ ಕೂತು ಪ್ಲಗ್ ಬದಲಾಯಿಸಿದೆ, ಬ್ಯಾಟರಿ ಚಾರ್ಜಿಗೆ ಹಾಕಿದೆ, ಡ್ರೈವರ್ ಕಡೆಯ ಬಾಗಿಲು ಬಿಚ್ಚಿ ಕಿಟಕಿ ಎತ್ತುವ ಕೇಬಲ್ಲನ್ನು ಸರಿಮಾಡಿದೆ. ಬಾಗಿಲು ಮುಚ್ಚಿದ ಮೇಲೆ ಎರಡು ಸ್ಕ್ರೂ ಉಳಿದವು. ಇಟಲಿಯವರು ಧಾರಾಳಿಗಳು, ಹೆಚ್ಚಿಗೆ ಹಾಕಿರಬೇಕು ಅಂದುಕೊಂಡೆ.

ಟೆಸ್ಟಿನ ಬೆಳಿಗ್ಗೆ ಅಂಗಳದ ಹುಲ್ಲೆಲ್ಲ ಬೆಳ್ಳಗಿತ್ತು. ಎಂಜಿನ್ ಕೆಮ್ಮಿ, ಉಗುಳಿ, ಕೊನೆಗೂ ಎದ್ದಿತು. ಹೆಂಡತಿಗೆ ನನ್ನ ಕೈಚಳಕ ತೋರಿಸೋಣವೆಂದು ಕಿಟಕಿಯ ಗುಂಡಿ ಒತ್ತಿದೆ. ಗಾಜು ಧಡ್ಡೆಂದು ಬಾಗಿಲಿನ ಹೊಟ್ಟೆಯೊಳಗೆ ಬಿತ್ತು, ಮತ್ತೆ ಮೇಲೆ ಬರಲಿಲ್ಲ. ನಾನು ಇಳಿದು ಟೈರಿಗೆ ಒದ್ದೆ. ಹೆಬ್ಬೆರಳು ಊದಿಕೊಂಡಿತು, ಟೈರಿಗೇನೂ ಆಗಲಿಲ್ಲ. ಮನೆಯ ಕಿಟಕಿಯಿಂದ ಇಣುಕಿದ ಮಗಳು, “ಅಪ್ಪಾ, ಇಟ್ಸ್ ಓನ್ಲಿ ಎ ಕಾರ್,” ಎಂದಳು. ಮೈಯೆಲ್ಲ ಉರಿದುಹೋಯಿತು.

ವಿಜಯಾ ತಲೆಗೆ ಶಾಲು ಸುತ್ತಿಕೊಂಡು ಬಂದಳು. “ಸಿಟ್ಟು ಆಮ್ಯಾಲೆ ಮಾಡ್ರಿ. ಈಗ ಸರೀರಿ, ನಾ ಕೂಡ್ತೀನಿ.”

ಟೆಸ್ಟಿನ ಕಚೇರಿಯಲ್ಲಿ ಸಿಕ್ಕ ಪರೀಕ್ಷಕ ಒಬ್ಬ ದಪ್ಪನೆಯ ಮುದುಕ. ತೆರೆದ ಕಿಟಕಿಯನ್ನೂ ಶಾಲನ್ನೂ ನೋಡಿ, ಕೋಟಿನ ಗುಂಡಿ ಹಾಕಿಕೊಂಡು, ಅವಳ ಪಕ್ಕ ಕೂತ. ಅವರು ಹೋಗಿ ಬರುವವರೆಗೂ ನಾನು ಕುಂಟುತ್ತ ಅಡ್ಡಾಡಿ, ಆ ಕಾರು ಕಟ್ಟಿದವರ ವಂಶವನ್ನೆಲ್ಲ ಬೈದೆ. ಅವಳ ಕೆಲಸ ಹೋದರೆ ಇದನ್ನು ನನ್ನ ಕೈಯಾರೆ ಜಜ್ಜಿಹಾಕುತ್ತೇನೆ ಎಂದು ನಿಶ್ಚಯಿಸಿದೆ.

ಬಂದಾಗ ಮುದುಕನ ಮೂಗು ಕಾರಿನಷ್ಟೇ ಕೆಂಪಾಗಿತ್ತು. “ನಿಮ್ಮ ಹೆಂಡತಿ ಪಾಸು, ಚೆನ್ನಾಗಿ ಓಡಿಸುತ್ತಾರೆ,” ಎಂದು ಇಂಗ್ಲಿಷಿನಲ್ಲಿ ಹೇಳಿದ. “ಈ ಡಬ್ಬಾವನ್ನು ಮಾತ್ರ ಗುಜರಿಗೆ ಹಾಕಿಬಿಡಿ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇದು ಡಬ್ಬಾ ಅಲ್ಲ, ಚಳಿ ತಡೆಯುವುದಿಲ್ಲ ಅಷ್ಟೆ, ಎಂಜಿನ್ ಅಂದರೆ ಬಂಗಾರ, ಈ ಗೆರೆಗಳ ಚಂದ ನಿಮ್ಮ ಯಾವ ಕಾರಿಗಿದೆ ಎಂದು ಅವನನ್ನು ನಿಲ್ಲಿಸಿಕೊಂಡು ಹೇಳತೊಡಗಿದೆ. ವಿಜಯಾ ನನ್ನ ತೋಳು ಹಿಡಿದು ಎಳೆದಳು.

“ಪಾಪ, ನಡಗಾಕತ್ತಾರ, ಬಿಡ್ರಿ ಅವರನ್ನ. ಮುಂಜಾನಿಂದ ನೀವ ಅಂದದ್ದನ್ನ ಅವರು ಒಂದ ಮಾತಿನ್ಯಾಗ ಅಂದ್ರು.”

ಅವನನ್ನು ಬಿಟ್ಟು, ಸ್ಟಿಯರಿಂಗ್ ಹಿಡಿದ ಅವಳ ಪಕ್ಕ ಹತ್ತಿ ಕೂತೆ. ದಾರಿಯುದ್ದಕ್ಕೂ ಹಲ್ಲು ಕಟಕಟಿಸುತ್ತ ಕೂತಿದ್ದೆ. ಚಳಿಗೋ ಸಿಟ್ಟಿಗೋ ಗೊತ್ತಾಗಲಿಲ್ಲ. ಮನೆ ಮುಟ್ಟಿದಾಗ ವಿಜಯಾ, “ಇಳೀರಿ,” ಎಂದಳು. ಇಳಿದು, ಅವಳು ಒಳಗೆ ಹೋದಳೆಂದು ಖಾತ್ರಿ ಮಾಡಿಕೊಂಡು, ಆ ದರಿದ್ರ ಕಾರಿಗೆ ನನ್ನ ಕಂಬಳಿ ಹೊದಿಸಿದೆ.