ಅಂಟಾರ್ಕ್ಟಿಕಾದ ಗಾಳಿ ಸೋಸಿದ ಮಾವ

ನಮ್ಮ ಸೋದರಮಾವ ಮನೆಗೆ ಬಂದವರನ್ನು ಹೊಡೆದೇ ಒಳಗೆ ಕರೆಯುತ್ತಿದ್ದರು. ತಪ್ಪು ತಿಳಿಯಬೇಡಿ, ಬಟ್ಟೆಯ ಮೇಲಿನ ಧೂಳು ಕೊಡವುತ್ತಿದ್ದರು ಅಷ್ಟೆ. ಗಾಳಿಯಲ್ಲಿ ತೇಲುವ ಕಣಗಳ ಅಧ್ಯಯನ ಅವರ ಕೆಲಸ, ಗೀಳೂ ಅದೇ. ವೆಸ್ಟ್ ಮಾಂಬಲಂ ಎಂಬ ಗಿಜಿಗುಡುವ ಬಡಾವಣೆಯ ಓಣಿಯಲ್ಲಿ ಮನೆ ಮಾಡಿಕೊಂಡು ಧೂಳಿನ ಜೊತೆ ದ್ವೇಷ ಕಟ್ಟಿಕೊಂಡವರಿಗೆ ಏನು ಹೇಳೋಣ?

ಒಮ್ಮೆ ಪುರಸೈವಾಕ್ಕಂನ ಸೀರೆ ಅಂಗಡಿಯಲ್ಲಿ ಅತ್ತೆ ಆರಿಸಿದ ಸೀರೆಯನ್ನು ಬಿಸಿಲಿನಲ್ಲಿ ಕೊಡವಿ, ಹಾರುವ ನೂಲಿನ ಪುಡಿಯನ್ನು ಅಂಗಡಿಯವನಿಗೇ ತೋರಿಸಿ ಪಾಠ ಶುರುಮಾಡಿದರು. ಅವನು ತಾಳ್ಮೆಯಿಂದ ಕೇಳಿ, "ಸಾರ್, ಸೀರೈ ವೇಣುಮಾ, ವೇಂಡಾಮಾ?" ಎಂದ, ಸೀರೆ ಬೇಕೋ ಬೇಡವೋ ಎಂದು ತಮಿಳಿನಲ್ಲಿ. ಅಂದಿನಿಂದ ಅತ್ತೆ ಸೀರೆಗೆ ಒಬ್ಬರೇ ಹೋಗತೊಡಗಿದರು.

ಎರಡು ಸಾವಿರದ ದಶಕದ ಆರಂಭದಲ್ಲಿ ಮಾವನನ್ನು ಅಂಟಾರ್ಕ್ಟಿಕಾಕ್ಕೆ ಕಳಿಸಿದರು. ಅಲ್ಲಿನ ಗಾಳಿಯ ಕಣಗಳಲ್ಲಿ ಪ್ರಕೃತಿಯದೆಷ್ಟು, ಮನುಷ್ಯರದೆಷ್ಟು ಎಂದು ನೋಡಬೇಕಿತ್ತು. ಅತ್ತೆಗೆ ಉಬ್ಬಸ. "ಒಳ್ಳೇ ಗಾಳಿ ಕುಡಿದು ಬನ್ನಿ. ನನಗೆ ಇಲ್ಲಿ ಬಸ್ಸಿನ ಹೊಗೆ ಇದ್ದೇ ಇದೆ" ಎಂದು ನಗುತ್ತಲೇ ಬೀಳ್ಕೊಟ್ಟರು.

ಅಲ್ಲಿ ಶಿಬಿರದ ಹೊಗೆ ತಾಗದಷ್ಟು ದೂರದಲ್ಲಿ ಮಾವನ ಗುಡಿಸಲು. ಪಂಪು ಗಾಳಿಯನ್ನೆಳೆದು ಬಿಳಿ ಕಾಗದದ ಮೂಲಕ ಸೋಸುತ್ತಿತ್ತು. ಸಿಕ್ಕಿದ್ದು ಹೆಚ್ಚಾಗಿ ಕಡಲಿನಿಂದ ಹಾರಿಬಂದ ಉಪ್ಪು. ಒಂದು ದಿನ ನೋಡಿದರೆ ಕಾಗದ ಕಪ್ಪು! ಯಾವುದೋ ಖಂಡದ ಕಾಡ್ಗಿಚ್ಚಿನ ಹೊಗೆ ಸಾಗರ ದಾಟಿ ಬಂದಿದೆ ಎಂದು ಮಾವ ನಿದ್ದೆಗೆಟ್ಟು ಗಾಳಿಯ ದಿಕ್ಕು ಲೆಕ್ಕ ಹಾಕಿದರು. ಕೊನೆಗೆ ಶಿಬಿರದ ಅಡುಗೆಯವನು ಬಾಯಿಬಿಟ್ಟ: "ನಿಮಗೆ ಬಿಸಿ ಉಪ್ಪಿಟ್ಟು ತಂದಿದ್ದೆನಲ್ಲ ಸಾರ್, ಆಗ ಗಾಡಿ ನಿಮ್ಮ ಪಂಪಿನ ಪಕ್ಕಾನೇ ನಿಲ್ಲಿಸಿದ್ದೆ. ಈ ಚಳೀಲಿ ಇಂಜಿನ್ ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ."

"ಉಪ್ಪಿಟ್ಟು ಹೇಗಿತ್ತು ಮಾವ?" ಎಂದು, ಅವರು ಊರಿಗೆ ಮರಳಿ ಈ ಕತೆ ಹೇಳಿದಾಗ ನಾನು ಕೇಳಿದೆ.

"ಚೆನ್ನಾಗಿತ್ತಪ್ಪ. ಒಂದು ವಾರದ ಕೆಲಸ ತಿಂದುಹಾಕಿದೆ."

ಅವರು ಮರಳಿದ ನಂತರ ಬಂದ, ಹಳೇ ಸಾಮಾನು ಸುಡುವ ಭೋಗಿ ಹಬ್ಬಕ್ಕೆ ನಾನು ಅವರ ಮನೆಯಲ್ಲಿದ್ದೆ. ಬೆಳಗಾಗುತ್ತಲೇ ಬೀದಿಯಲ್ಲಿ ಹಳೇ ಚಾಪೆ, ಟೈರು ಸುಟ್ಟ ಹೊಗೆ ಮನೆಯೊಳಗೆ ತುಂಬಿತು. ಅತ್ತೆಗೆ ಉಸಿರು ಸಿಕ್ಕಿಕೊಂಡಿತು. ಮಾವ ಈಗ ಬೀದಿಗಿಳಿದು ಭಾಷಣ ಮಾಡುತ್ತಾರೆ ಎಂದುಕೊಂಡೆ. ಆದರೆ ಅವರು ಕಿಟಕಿಗಳನ್ನೆಲ್ಲ ಮುಚ್ಚಿ, ಇನ್‌ಹೇಲರ್ ತಂದುಕೊಟ್ಟು, ಅತ್ತೆಯ ಬೆನ್ನು ನೀವುತ್ತ ಕೂತರು.

ಉಸಿರು ಹದಕ್ಕೆ ಬಂದ ಮೇಲೆ ಮೆಲ್ಲಗೆ ಹೇಳಿದರು: "ಅಲ್ಲಿ ಉಸಿರು ಎಳೆದಷ್ಟೂ ಒಳಗೆ ಹೋಗ್ತಿತ್ತು ಕಣೇ. ನಿನಗೆ ಒಂದೇ ಒಂದು ಸಲ ಹಾಗಾಗಬಾರದಾ ಅನ್ನಿಸಿ ಅಳು ಬಂದುಬಿಡ್ತು."

"ಅಳೋದಕ್ಕೆ ಅಷ್ಟು ದೂರ ಹೋಗಬೇಕಿತ್ತೇನ್ರೀ?" ಎಂದರು ಅತ್ತೆ.

ಮಾವ ಬೆನ್ನು ನೀವುತ್ತಲೇ ಇದ್ದರು.